ಹೆಸರಿಲ್ಲದೆ ಬಂದ ಕಾಗದ

ಶೆರ್ಪಾ ಬಸ್ತಿ, ದಾರ್ಜಿಲಿಂಗ್
20 ಅಕ್ಟೋಬರ್ 1963

ಉರ್ಕೆನ್,

ಅಜ್ಜಿ ಬರೆಯುತ್ತಿದ್ದೇನೆ. ತಲುಪಿದ ಕೂಡಲೇ ಕಾಗದ ಹಾಕುತ್ತೇನೆ ಅಂದವನು ನೀನು, ಹಾಕುತ್ತಿರುವವಳು ನಾನು. ನನ್ನನ್ನು ಮಿಷನ್ ಶಾಲೆಯಿಂದ ಮೂರನೇ ಕ್ಲಾಸಿಗೇ ಬಿಡಿಸಿ ರಸ್ತೆಗೆ ಜಲ್ಲಿ ಒಡೆಯಲು ಕಳಿಸಿದರು. ನೀನು ಏಳರವರೆಗೆ ಓದಿದೆ. ಮೇಲಿನ ಆ ನಾಲ್ಕು ಕ್ಲಾಸಿನ ವಿದ್ಯೆ ಯಾವ ಹಿಮದ ಬಿರುಕಿಗೆ ಬಿತ್ತು?

ಹೊರೆ ಇಳಿಸಿ ಮರಳಿದ ಕೂಲಿಯವರು ಬಸ್ತಿಯ ಕೇರಿಯಲ್ಲಿ ಏನೇನೋ ಹೇಳುತ್ತಿದ್ದಾರೆ. ನಿಮ್ಮ ಡಾಕ್ಟರು ಸಾಹೇಬರು ಶಿಖರ ಹತ್ತುವುದೇ ಇಲ್ಲವಂತೆ. ಅರ್ಧ ದಾರಿಯಲ್ಲಿ ಹಲಗೆಯ ಮನೆ ಕಟ್ಟಿಕೊಂಡು ಚಳಿಗಾಲವಿಡೀ ಅಲ್ಲೇ ಕೂತು, ಗಾಳಿ ಕಮ್ಮಿ ಇದ್ದಲ್ಲಿ ಮನುಷ್ಯ ಹೇಗೆ ಉಸಿರಾಡುತ್ತಾನೆ ಅಂತ ನೋಡುತ್ತಾರಂತೆ. ಚಕ್ರವಿಲ್ಲದ ಸೈಕಲ್ಲು ಹೊರಿಸಿಕೊಂಡು ಹೋಗಿದ್ದಾರಂತೆ. ನಿನ್ನ ತಾತನ ಕಾಲದ ಸಾಹೇಬರಿಗೂ ಹುಚ್ಚಿತ್ತು, ಆದರೆ ಅದು ಹತ್ತುವ ಹುಚ್ಚು. ಇದು ಯಾವ ಜಾತಿಯದು, ವಿಚಾರಿಸಿ ಬರೆ.

ತಾತ ಅಂದಾಗ ನೆನಪಾಯಿತು. ಹೋದ ವಾರ ರೇಷನ್ ಕಾರ್ಡಿನ ಗುಮಾಸ್ತ ಬಂದಿದ್ದ. ಗಂಡನ ಹೆಸರೇನು ಅಂದ. ತೀರಿಕೊಂಡಿದ್ದಾನೆ ಅಂದೆ. ತೀರಿಕೊಂಡವರಿಗೂ ಹೆಸರು ಇರುತ್ತಲ್ಲ ಅಜ್ಜಿ, ನಾಚಿಕೆಯಾ ಅಂತ ಹಲ್ಲು ಕಿರಿದ. ನಮ್ಮ ಜನ ಸತ್ತವರ ಹೆಸರು ಎತ್ತುವುದಿಲ್ಲ ಕಣಪ್ಪ, ಎತ್ತಿದರೆ ಹೋಗುವವರು ದಾರಿಯಲ್ಲಿ ನಿಂತು ತಿರುಗಿ ನೋಡುತ್ತಾರೆ, ಆಮೇಲೆ ಮುಂದಕ್ಕೂ ಹೋಗಲಾರರು, ಹಿಂದಕ್ಕೂ ಬರಲಾರರು ಅಂತ ಬಿಡಿಸಿ ಹೇಳಿದೆ. ಅವನಿಗೆ ಖಾನೆ ತುಂಬಬೇಕು. ಹಾಗಾದರೆ ನಿನ್ನ ಹೆಸರೇ ಬರೆದುಕೋ, ಸಂಜೆ ಊಟಕ್ಕೆ ಬಾ ಅಂದೆ. ಕೆಂಪಗಾಗಿ ಎದ್ದು ಹೋದ.

ನಿನ್ನ ತಮ್ಮ, ಆ ಕೋತಿ, ಹೇಗಿದ್ದಾನೆ? ಮದುವೆಯಾಗಿ ವರ್ಷವಾಗಿಲ್ಲ, ಹೆಂಡತಿಯನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದಾನೆ. ಡೋಮಾಗೆ ಐದನೇ ತಿಂಗಳು. ಬೆಳಿಗ್ಗೆ ಒಲೆ ಹಚ್ಚಿದರೆ ಹೊಗೆಗೆ ವಾಂತಿ, ಹಚ್ಚದಿದ್ದರೆ ಚಳಿಗೆ ವಾಂತಿ. ಅವನಿಗೆ ಅಕ್ಷರ ಬರುವುದಿಲ್ಲ, ಬಾಯಿ ಬರುತ್ತದಲ್ಲ. ಅವನು ಹೇಳಲಿ, ನೀನು ಬರೆ.

ಇಬ್ಬರಿಗೂ ಕಾಲುಚೀಲ ಹೆಣೆದು ಕಳಿಸಿದ್ದೇನೆ. ಸಾಹೇಬರಿಗೆ ಕೊಡಬೇಡಿ.

ಅಜ್ಜಿ


ಮೇಲಿನ ಶಿಬಿರ
12 ನವೆಂಬರ್ 1963

ಅಜ್ಜಿಗೆ ಉರ್ಕೆನ್ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದಾಗ ಆಲೂಗಡ್ಡೆ ಸುಲಿಯುತ್ತಿದ್ದೆ. ಎಲ್ಲರೂ ಸುತ್ತ ಕೂತು ಓದಿಸಿಕೊಂಡರು. ಗುಮಾಸ್ತನ ಕಥೆಯನ್ನು ತಮ್ಮ ಫುತಾರ್ಕೆ ಮೂರು ಸಲ ಕೇಳಿ, ದೊಡ್ಡ ಡಾಕ್ಟರಿಗೆ ಕೈಸನ್ನೆಯಲ್ಲಿ ತಿಳಿಸಿದ. ಅವರೂ ನಕ್ಕರು. ಏನು ಅರ್ಥವಾಯಿತೋ ಗೊತ್ತಿಲ್ಲ.

ಸೈಕಲ್ಲಿನ ವಿಷಯ ನಿಜ. ಅದನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಅದರ ಮೇಲೆ ಕೂತು ತುಳಿಯಬೇಕು, ಬಾಯಲ್ಲಿ ಕೊಳವೆ ಕಚ್ಚಿಕೊಂಡು ದೊಡ್ಡ ಚೀಲದೊಳಗೆ ಉಸಿರು ಬಿಡಬೇಕು. ಆ ಚೀಲಗಳನ್ನು ಗೂಟಕ್ಕೆ ತೂಗುಹಾಕಿ ಒಂದೊಂದಾಗಿ ಅಳೆಯುತ್ತಾರೆ. ನಮ್ಮ ಜನ ದೊಡ್ಡ ಡಾಕ್ಟರನ್ನು ಉಸಿರಿನ ಸಾಹೇಬ ಅಂತಲೇ ಕರೆಯುವುದು. ಒಳ್ಳೆಯ ಮನುಷ್ಯ, ತನ್ನ ಚಹಾ ತಾನೇ ಕಾಯಿಸಿಕೊಳ್ಳುತ್ತಾರೆ. ಕಿವಿಯಿಂದ ರಕ್ತ ತೆಗೆಯುತ್ತಾರೆ. ತಿಂದದ್ದನ್ನು ತೂಗುತ್ತಾರೆ. ಉಚ್ಚೆಯನ್ನೂ ಶೀಸೆಯಲ್ಲಿ ತುಂಬಿ ಕೆಳಕ್ಕೆ ಕಳಿಸುತ್ತಾರೆ. ಮೊದಲ ದಿನ ಆ ಪೆಟ್ಟಿಗೆ ಹೊತ್ತವನು ಫುತಾರ್ಕೆ. ರಾಜನ ಖಜಾನೆ ಹೊತ್ತಿದ್ದೇನೆ, ದಾರಿ ಬಿಡಿ ಅಂತ ಕೂಗಿಕೊಂಡು ಇಳಿದ.

ಸೈಕಲ್ಲಿನ ಮೇಲೂ ಅವನೇ ಮುಂದು. ಸಾಹೇಬರು ನೀಲಿಗಟ್ಟಿ ಕೆಳಗಿಳಿದ ಮೇಲೂ ಫುತಾರ್ಕೆ ತುಳಿಯುತ್ತಲೇ ಇರುತ್ತಾನೆ, ಹಾಡು ಬೇರೆ. ಹಾಡಿದರೆ ಲೆಕ್ಕ ಕೆಡುತ್ತದೆ ಅಂತ ಅವನ ಬಾಯಿ ಮುಚ್ಚಿಸುವುದೇ ಒಬ್ಬರ ಕೆಲಸವಾಗಿದೆ. ಹದಿನೈದು ದಿನಕ್ಕೊಮ್ಮೆ ಫುತಾರ್ಕೆ ಟಪಾಲು ಚೀಲ ಹೊತ್ತು ಕೆಳಗಿನ ಹಳ್ಳಿಗೆ ಇಳಿಯುತ್ತಾನೆ, ಕೆಲವು ದಿನ ಅಲ್ಲಿದ್ದು ಬೆಣ್ಣೆ, ಮಾಂಸ ತರುತ್ತಾನೆ.

ಈಗ ಪಕ್ಕದಲ್ಲೇ ಕೂತಿದ್ದಾನೆ. ಬರೆದುಕೋ ಅನ್ನುತ್ತಾನೆ: ಡೋಮಾ, ನಾನು ಇಲ್ಲಿ ದಿನವಿಡೀ ಸೈಕಲ್ಲು ತುಳಿದು ಒಂದು ಗೇಣೂ ಮುಂದೆ ಹೋಗಿಲ್ಲ, ಹೋಗಿದ್ದರೆ ಇಷ್ಟೊತ್ತಿಗೆ ನಿನ್ನ ಬಾಗಿಲಲ್ಲಿ ಇರುತ್ತಿದ್ದೆ. ಅಜ್ಜಿ ಬೈದರೆ ಬೇಜಾರು ಮಾಡ್ಕೋಬೇಡ, ಅದು ಆ ಮನೆಯ ಊಟದ ಜೊತೆ ಬರುವ ಉಪ್ಪಿನಕಾಯಿ.

ಇದನ್ನು ಬರೆದದ್ದಕ್ಕೆ ಬೈಯಬೇಡ. ಹೇಳಿದವನು ಫುತಾರ್ಕೆ.

ಉರ್ಕೆನ್


ದಾರ್ಜಿಲಿಂಗ್
5 ಡಿಸೆಂಬರ್ 1963

ಉರ್ಕೆನ್,

ಉಪ್ಪಿನಕಾಯಿಯಂತೆ. ಆ ಯಾಕಿನ ಬಾಲಕ್ಕೆ ಹೇಳು: ಹೆತ್ತವರು ಹೋದ ಮೇಲೆ ಮೂಗು ಒರೆಸಿ ಬೆಳೆಸಿದವಳು ನಾನು, ಬೈಯುವ ಹಕ್ಕನ್ನು ರೇಷನ್ ಕಾರ್ಡಿನಲ್ಲಿ ಬರೆಸಿಕೊಂಡಿಲ್ಲ, ಅದು ನನ್ನದೇ. ಚಿಕ್ಕಂದಿನಲ್ಲಿ ಶಾಲೆಗೆ ಹೋಗು ಅಂದರೆ ಮರ ಹತ್ತಿ ಕೂರುತ್ತಿದ್ದ. ಈಗ ವಿಲಾಯಿತಿಯ ಡಾಕ್ಟರುಗಳು ಅವನ ಉಸಿರನ್ನು ಚೀಲದಲ್ಲಿ ಕಟ್ಟಿ ಅಳೆಯುತ್ತಾರಂತೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಅದರಲ್ಲಿ ಮುಕ್ಕಾಲು ಪಾಲು ಹರಟೆ, ಉಳಿದದ್ದು ಛಾಂಗ್ ಹೆಂಡದ ವಾಸನೆ.

ನಿನ್ನ ಕಾಗದವನ್ನು ಡೋಮಾಗೆ ಓದಿ ಹೇಳಿದೆ. ಅವನ ಹೆಸರು ಬಂದಲ್ಲೆಲ್ಲ ಕೋತಿ ಅಂತ ಓದಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ದಿನಾ ಮಧ್ಯಾಹ್ನ ಅದೇ ಬೇಕು, ಕೋತಿ ಸೈಕಲ್ ಹೊಡೆಯೋದನ್ನ ಓದು ಅಜ್ಜಿ, ಅಂತ. ಕಾಗದ ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ಬೇಗ ಇನ್ನೊಂದು ಬರೆ.

ಡೋಮಾ ಚೆನ್ನಾಗಿದ್ದಾಳೆ. ಬಹಳ ಹೊತ್ತು ಮಲಗೇ ಇರುತ್ತಾಳೆ, ಸೋಮಾರಿ. ಗಂಡನಿಗೆ ತಕ್ಕ ಹೆಂಡತಿ. ನೀವೇನೂ ಯೋಚಿಸುವುದು ಬೇಡ.

ಹೆರಿಗೆ ಹೊತ್ತಿಗೆ ಅವನು ಇಲ್ಲಿರಬೇಕು. ಸಾಹೇಬರಿಗೆ ಬೇಕಿದ್ದರೆ ಒಂದು ಹತ್ತು ಚೀಲ ಊದಿಟ್ಟು ಬರಲಿ. ಬರದೆ ಹೋದರೆ ನಾನೇ ಬಂದು ಆ ಸೈಕಲ್ಲಿನಿಂದ ಕಿವಿ ಹಿಡಿದು ಇಳಿಸುತ್ತೇನೆ, ಮೊಳೆ ಸಮೇತ.

ಅಜ್ಜಿ


ಮೇಲಿನ ಶಿಬಿರ
3 ಜನವರಿ 1964

ಅಜ್ಜಿಗೆ ನಮಸ್ಕಾರ.

ನಾವೆಲ್ಲ ಆರೋಗ್ಯ. ಇಲ್ಲಿ ಚಳಿ ಹೆಚ್ಚಾಗಿದೆ. ಹಲಗೆ ಮನೆಯನ್ನು ಹೊಸ ಹಗ್ಗ ಹಾಕಿ ಬಿಗಿದಿದ್ದೇವೆ. ಗಾಳಿ ಬಂದಾಗ ಹಗ್ಗಗಳು ಕೂಗುತ್ತವೆ. ಸಾಹೇಬರಲ್ಲಿ ಇಬ್ಬರಿಗೆ ಊಟ ಸೇರುವುದಿಲ್ಲ, ಮಾಡಿದ ಅಡುಗೆ ಹಾಗೇ ಉಳಿಯುತ್ತದೆ. ಕಾಗೆಗಳು ಇಷ್ಟು ಎತ್ತರಕ್ಕೂ ಬರುತ್ತವೆ.

ನಿನ್ನ ಕಾಗದ ಬಂತು. ತಮ್ಮನಿಗೆ ಓದಿ ಹೇಳಿದೆ. ಬಹಳ ನಕ್ಕ. ಅವನೂ ಆರೋಗ್ಯ. ಕೆಲಸ ಹೆಚ್ಚಿರುವುದರಿಂದ ಹೆರಿಗೆ ಹೊತ್ತಿಗೆ ಬರುವುದು ಕಷ್ಟವಾಗಬಹುದು. ಡೋಮಾಗೆ ಚೆನ್ನಾಗಿ ತಿನ್ನಲು ಕೊಡು.

ಉಸಿರಿನ ಸಾಹೇಬರು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ.

ಉರ್ಕೆನ್


ಮೇಲಿನ ಶಿಬಿರ
12 ಜನವರಿ 1964

ಅಜ್ಜಿಗೆ ನಮಸ್ಕಾರ.

ಹೋದ ವಾರವಷ್ಟೇ ಬರೆದಿದ್ದೆ. ಟಪಾಲು ಹೋಗುತ್ತಿರುವುದರಿಂದ ಮತ್ತೆ ಬರೆಯುತ್ತಿದ್ದೇನೆ. ಎಲ್ಲರೂ ಆರೋಗ್ಯ. ನಿನ್ನ ಚಿಕ್ಕ ಮೊಮ್ಮಗ ನಮಸ್ಕಾರ ಹೇಳಿದ್ದಾನೆ. ಹೆಚ್ಚೇನೂ ಇಲ್ಲ. ಹಿಮ ಬೀಳುತ್ತಿದೆ.

ಉರ್ಕೆನ್


ದಾರ್ಜಿಲಿಂಗ್
2 ಫೆಬ್ರವರಿ 1964

ಉರ್ಕೆನ್,

ನಿನ್ನ ಎರಡು ಕಾಗದಗಳೂ ನನ್ನ ಮುಂದಿವೆ. ನವೆಂಬರಿನದನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ನಿನ್ನ ತಮ್ಮನ ಹೆಸರು ನಮ್ಮ ಬೆಣ್ಣೆ ಚಹಾಕ್ಕೆ ಹಾಕಿದ ಉಪ್ಪಿನ ಹಾಗೆ ಎಲ್ಲ ಗುಟುಕಿನಲ್ಲೂ ಇದೆ. ಈ ಎರಡರಲ್ಲಿ ಎಲ್ಲೂ ಇಲ್ಲ. ತಮ್ಮ ಅಂತ ಬರೆದಿದ್ದೀಯೆ, ಚಿಕ್ಕ ಮೊಮ್ಮಗ ಅಂತ ಬರೆದಿದ್ದೀಯೆ, ಆರೋಗ್ಯ ಅಂತಲೂ ಬರೆದಿದ್ದೀಯೆ. ಸುಳ್ಳು ಬರೆಯಲು ನಿನ್ನ ಕೈ ಒಪ್ಪಿದೆ, ಹೆಸರು ಬರೆಯಲು ಒಪ್ಪಿಲ್ಲ. ಒಳ್ಳೆಯ ಕೈ. ನಾನೇ ತಿದ್ದಿಸಿದ್ದು.

ಮೊದಲನೆಯದನ್ನು ಡೋಮಾಳ ಎದುರಿಗೇ ಒಡೆದೆ. ಎರಡನೇ ಸಲ ಸಾಲು ಸಾಲಿಗೂ ಬೆರಳಿಟ್ಟು ಹೆಸರು ಹುಡುಕಿದೆ. ಏನಂತೆ ಅಜ್ಜಿ ಅಂದಳು. ಚಳಿ ಹೆಚ್ಚಾಗಿದೆಯಂತೆ ಅಂದೆ. ಎರಡನೆಯ ಕಾಗದ ಬರಲಿ, ನನ್ನದೇ ತಪ್ಪು ಓದು ಇರಬಹುದು ಅಂತ ಕಾದೆ. ನಿನ್ನೆ ಅದೂ ಬಂತು.

ನಾನೂ ನಿನಗೆ ಒಂದು ಸುಳ್ಳು ಬರೆದಿದ್ದೆ. ಡೋಮಾ ಚೆನ್ನಾಗಿಲ್ಲ. ನವೆಂಬರು ಕಳೆಯುವಾಗಲೇ ಕಾಲು, ಮುಖ ಎಲ್ಲ ಊದಿಕೊಂಡಿತ್ತು. ರಕ್ತದ ಒತ್ತಡ ಏರಿದೆ, ಹಾಸಿಗೆ ಬಿಟ್ಟು ಏಳಿಸಬೇಡಿ, ಮನಸ್ಸಿಗೆ ಪೆಟ್ಟು ಬಿದ್ದರೆ ತಾಯಿ ಮಗು ಎರಡೂ ಕೈತಪ್ಪಬಹುದು ಅಂತ ಆಸ್ಪತ್ರೆಯ ನರ್ಸಮ್ಮ ಹೇಳಿದ್ದಾಳೆ. ಬರೆದಿದ್ದರೆ ಅವನು ಎಲ್ಲ ಬಿಟ್ಟು ಓಡಿ ಬರುತ್ತಾನೆ ಅಂತ ಬರೆಯಲಿಲ್ಲ.

ಯಾವ ದಿನ ಅಂತ ನಿನ್ನನ್ನು ಕೇಳುವುದಿಲ್ಲ. ನಿನ್ನ ಉತ್ತರ ಬರುವಷ್ಟರಲ್ಲಿ, ಹೋದವರು ದಾರಿಯಲ್ಲಿರುವ ಏಳು ವಾರ ಮುಗಿದಿರುತ್ತದೆ. ಅಷ್ಟರೊಳಗೆ ದಾರಿ ತೋರಿಸದಿದ್ದರೆ ಅವನು ಎಲ್ಲಿ ಅಲೆಯಬೇಕು? ಶುಂಠಿ ತರುತ್ತೇನೆ ಅಂತ ಹೇಳಿ ಲಾಮಾರ ಮಠಕ್ಕೆ, ಗೊಂಪಾಗೆ ಹೋದೆ. ಲಾಮಾ ದಿನ ಕೇಳಿದರು. ಗೊತ್ತಿಲ್ಲ ಅಂದೆ. ಕಾಗದ ತೋರಿಸಿದೆ. ಬಹಳ ಹೊತ್ತು ತಿರುಗಿಸಿ ನೋಡಿ, ಹೆಸರಿಲ್ಲದೆ ಬಂದ ಮೊದಲ ಕಾಗದದ ತಾರೀಖನ್ನೇ ಹಿಡಿಯೋಣ ಅಂದರು. ಇವತ್ತಿನಿಂದ ದಾರಿ ತೋರಿಸುವ ಓದು ಶುರುವಾಗಿದೆ. ದೀಪಕ್ಕೆ ಬೆಣ್ಣೆ ಕೊಟ್ಟು ಬಂದೆ.

ಕಷ್ಟ ಇರುವುದು ಅಲ್ಲಲ್ಲ, ಮನೆಯಲ್ಲಿ. ಡೋಮಾಗೆ ಈಗಲೂ ದಿನಾ ಮಧ್ಯಾಹ್ನ ನವೆಂಬರಿನ ಕಾಗದವೇ ಬೇಕು. ಓದದಿದ್ದರೆ ಯಾಕೆ ಅಂತಾಳೆ. ಓದಿದರೆ ಅದರ ತುಂಬಾ ಹೆಸರು. ಮೊದಲಿನ ಹಾಗೆ ಕೋತಿ ಅಂತ ಓದೋಣವೆಂದರೆ, ದಾರಿ ಹಿಡಿದು ಹೋಗುತ್ತಿರುವವನನ್ನು ಹಿಂದಿನಿಂದ ಹೇಗೆ ಬೈಯಲಿ? ನಾಲಿಗೆ ಏಳುವುದಿಲ್ಲ. ಬೈಯಲಾರದೆ ಹೆಸರು ಹಿಡಿದೇ ಓದುತ್ತೇನೆ. ಬೆಳಿಗ್ಗೆ ಲಾಮಾ ಅವನನ್ನು ಮುಂದೆ ಹೋಗು ಮಗನೇ ಅಂತ ಕಳಿಸುತ್ತಾರೆ, ಮಧ್ಯಾಹ್ನ ನಾನು ಹೆಸರೆತ್ತಿ ಹಿಂದಕ್ಕೆ ಕರೆಯುತ್ತೇನೆ. ಮನಸ್ಸಿಲ್ಲದೆ ಹೇಳಿದರೆ ಅವನಿಗೆ ಕೇಳುತ್ತದೆಯೇ ಅಂತ ಲಾಮಾರನ್ನು ಕೇಳಿದೆ. ಹೆಸರಿಗೆ ಅದೆಲ್ಲ ತಿಳಿಯುವುದಿಲ್ಲ ಅಂದರು. ಹಾಗಾದರೆ ಏನು ಮಾಡಲಿ ಅಂದೆ. ದೀಪದ ಬತ್ತಿ ಎತ್ತರಿಸಿದರು. ಓದಿದವರು ಹೀಗೆ ಜಾರಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು. ಇವತ್ತು ಬರಲಿಲ್ಲ.

ಹೆರಿಗೆಗೆ ಇನ್ನು ಕೆಲವೇ ವಾರ. ಅಲ್ಲಿಯವರೆಗೆ ಹೀಗೇ. ನೀನು ಬರೆದರೆ ಜೋರಾಗಿ ಓದುವಂಥದ್ದನ್ನು ಬರೆ.

ಅಜ್ಜಿ


ಮೇಲಿನ ಶಿಬಿರ
10 ಫೆಬ್ರವರಿ 1964

ಅಜ್ಜಿ,

ಇದನ್ನು ಡೋಮಾ ಎದುರಿಗೆ ಓದಬೇಡ. ನಿನ್ನಿಂದ ಡಿಸೆಂಬರಿನ ನಂತರ ಕಾಗದವಿಲ್ಲ. ಇನ್ನು ಸುಮ್ಮನಿರಲಾರೆ. ನಾನು ಎರಡು ಕಾಗದ ಸುಳ್ಳು ಬರೆದೆ. ಅವನು ಡಿಸೆಂಬರ್ 29ರಂದು ಹೋದ.

ಟಪಾಲಿಗೆ ಇಳಿದವನು ಕೆಳಗಿನ ಹಳ್ಳಿಯಲ್ಲಿ ಹತ್ತು ಹನ್ನೆರಡು ದಿನ ಇದ್ದ. ಅಷ್ಟು ದಿನ ತಗ್ಗಿನಲ್ಲಿದ್ದು ಓಡಿ ಹತ್ತಿದರೆ ಎದೆಯಲ್ಲಿ ನೀರು ತುಂಬುತ್ತದೆ, ಬರುವಾಗ ನಡುವೆ ಎರಡು ಕಡೆ ತಂಗಲೇಬೇಕು ಅಂತ ಉಸಿರಿನ ಸಾಹೇಬರು ಎಲ್ಲರಿಗೂ ಹೇಳಿದ್ದರು. ಪ್ರತಿ ಸಲ ಅವನು ತಂಗುತ್ತಿದ್ದ. ಆ ಸಲ ಎಲ್ಲೂ ನಿಲ್ಲಲಿಲ್ಲ. ಸಂಜೆ ಬಂದವನು ಅಂಗಿಯೊಳಗಿಂದ ನಿನ್ನ ಕಾಗದ ತೆಗೆದ. ಕೆಳಗೆ ಓದುವವರಿರಲಿಲ್ಲವೇ, ಇಷ್ಟು ಆತುರ ಯಾಕೋ ಅಂದೆ. ಇದ್ದರು, ಆದ್ರೆ ಬೇರೆಯವರು ಓದಿದ್ರೆ ಅಜ್ಜಿ ಬೈಗುಳದ ರುಚಿ ಹೋಗ್ತದೆ, ನೀನೇ ಓದು ಅಂದ.

ಓದಿದೆ. ಎರಡು ಸಲ ಓದಿಸಿಕೊಂಡ. ಮೊಳೆ ಸಮೇತ ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ಮುಕ್ಕಾಲು ಪಾಲು ಹರಟೆಯೋ ಅಲ್ಲವೋ ಅಳೆದು ನೋಡಿ ಅಂತ ಸಾಹೇಬರ ಹತ್ತಿರ ಹೋಗಿ ಒಂದು ಚೀಲ ಊದಿಕೊಟ್ಟ. ಆಮೇಲೆ ಕೆಮ್ಮು ಹತ್ತಿತು. ಬೆಳಗಿನ ಹೊತ್ತಿಗೆ ಉಸಿರಿನಲ್ಲಿ ನೀರು ಕುದಿಯುವ ಸದ್ದು. ಸಾಹೇಬರು ಆಮ್ಲಜನಕದ ಸಿಲಿಂಡರು ತಂದು ಮೂಗಿಗೆ ಹಿಡಿದು ಮೊಣಕಾಲೂರಿ ಕೂತರು. ಹೊತ್ತು ಇಳಿಸೋಣವೆಂದರೆ ಹೊರಗೆ ಒಂದು ಮಾರು ಮುಂದೆ ಕಾಣುತ್ತಿರಲಿಲ್ಲ, ಅಂಥ ಹಿಮಗಾಳಿ. ಗಾಳಿ ನಿಂತಾಗ ಅವನೂ ನಿಂತಿದ್ದ.

ಅವನು ಊದಿದ್ದ ಚೀಲ ಗೂಟದಲ್ಲಿ ಹಾಗೇ ತೂಗುತ್ತಿತ್ತು. ಸಾಹೇಬರು ಅದನ್ನು ಅಳೆಯಲಿಲ್ಲ. ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೊರಗೆ ತಂದು, ದಾರ್ಜಿಲಿಂಗ್ ಯಾವ ಕಡೆ ಅಂತ ಅಂದಾಜು ಮಾಡಿ, ಬಾಯಿ ಬಿಚ್ಚಿದೆ.

ಕೆಳಗಿನ ಯಾಕ್ ಕೊಟ್ಟಿಗೆಯ ಹತ್ತಿರ ಸುಟ್ಟೆವು. ಅಲ್ಲಿನ ಲಾಮಾ ಬಂದು ಮೂರು ದಿನ ಓದಿದರು. ಹೆರಿಗೆ ಆಗಲಿ ಅಂತ ಮುಚ್ಚಿಟ್ಟೆ. ಅದಕ್ಕಿಂತ ದೊಡ್ಡ ಕಾರಣ, ಅವನನ್ನು ಈ ಕೆಲಸಕ್ಕೆ ಕರೆತಂದವನು ನಾನು. ನಿನಗೆ ಯಾವ ಮಾತಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಈ ಸಲವಾದರೂ ಬೈ.

ಉರ್ಕೆನ್


ದಾರ್ಜಿಲಿಂಗ್
12 ಮಾರ್ಚ್ 1964

ಉರ್ಕೆನ್,

ನಿನ್ನ ಕಾಗದ ಹೋದ ವಾರ ಬಂತು. ಮುಚ್ಚಿಟ್ಟುಕೊಂಡು ಓದುವ ಅಗತ್ಯ ಇರಲಿಲ್ಲ, ಜೋರಾಗಿಯೇ ಓದಿದೆ, ಡೋಮಾ ಕೇಳಿದಳು. ಚೀಲದ ಬಾಯಿ ಬಿಚ್ಚಿದ ಕಡೆ ಇನ್ನೊಮ್ಮೆ ಓದು ಅಂದಳು. ಓದಿದೆ.

ಅವಳಿಗೆ ಮೊದಲೇ ಗೊತ್ತಿತ್ತು. ಗೊಂಪಾದಲ್ಲಿ ಕೊನೆಯ ಓದಿನ ಹಿಂದಿನ ದಿನ, ಮಂಜು ಮನೆಯೊಳಗೇ ಬಂದು ಕೂತಿತ್ತು, ಬಾಗಿಲ ಬೆಳಕಿಗೆ ಹಿಡಿದು ಎಂದಿನಂತೆ ನವೆಂಬರಿನ ಕಾಗದ ಓದುತ್ತಿದ್ದೆ. ಸೈಕಲ್ಲಿನ ಹತ್ತಿರ ಬಂದಿದ್ದೆ. ಹೆಸರು ಇನ್ನೂ ಬಾಯಲ್ಲಿತ್ತು. ಡೋಮಾ ಕೈಚಾಚಿ ಕಾಗದದ ಮೇಲೆ ಅಂಗೈ ಇಟ್ಟಳು.

“ಇನ್ನು ಆ ಹೆಸರು ಎತ್ತಬೇಡ ಅಜ್ಜಿ. ಹೋಗ್ಲಿ ಬಿಡು ಅವನನ್ನ.”

ಯಾವಾಗಿನಿಂದ ಗೊತ್ತು ಅಂದೆ.

“ನೀನು ಬೈಯೋದು ನಿಲ್ಲಿಸಿದ್ಯಲ್ಲ, ಆವತ್ತಿನಿಂದ.”

ಮತ್ತೆ ದಿನಾ ಓದು ಓದು ಅಂತ ಯಾಕೆ ಪೀಡಿಸಿದೆ ಅಂದೆ. ಓದುವುದು ನಿಂತರೆ ಈ ಮುದುಕಿ ಬಿದ್ದೇ ಹೋಗುತ್ತಾಳೆ ಅಂದುಕೊಂಡಿದ್ದಳಂತೆ. ನರ್ಸಮ್ಮ ಅವಳ ಒತ್ತಡ ನೋಡಿ ಹೋದ ಮೇಲೆ, ಈ ಹುಡುಗಿ ನನ್ನದನ್ನು ನೋಡುತ್ತಿದ್ದಳು. ಮೂರು ವಾರ ಇಬ್ಬರೂ ಒಂದೇ ಒಲೆಯ ಮುಂದೆ ಕೂತು, ಒಬ್ಬರನ್ನೊಬ್ಬರು ಬದುಕಿಸಲು, ಅವನನ್ನು ದಾರಿಯಲ್ಲಿ ನಿಲ್ಲಿಸಿಕೊಂಡಿದ್ದೆವು.

ಅಳಲಿಲ್ಲ. ಅತ್ತರೆ ಹೋಗುವವನ ಕಣ್ಣಿಗೆ ಮಳೆ ಬೀಳುತ್ತದೆ ಅಂತ ಅವಳಿಗೂ ಗೊತ್ತು. ಮರುದಿನ ಗೊಂಪಾಗೆ ಬರುತ್ತೇನೆ ಅಂದಳು. ಏಳಬಾರದು ಅಂದೆ. ಹಾಗಾದರೆ ಆ ಕಡೆಯ ಕಿಟಕಿ ತೆಗಿ ಅಂದಳು. ಪಕ್ಕದ ಮನೆಯವಳನ್ನು ಅವಳ ಹತ್ತಿರ ಕೂರಿಸಿ, ಕಿಟಕಿ ತೆಗೆದಿಟ್ಟು ಹೋದೆ. ಅವನ ಹೆಸರು ಬರೆದ ಚೀಟಿಯನ್ನು ಲಾಮಾ ದೀಪಕ್ಕೆ ಹಿಡಿದಾಗ ಕೊಂಬು ಊದಿದರು. ಮನೆಗೆ ಬಂದಾಗ ಅವಳು ಕಂಬಳಿ ಸರಿಸಿ, ಚಳಿಯಲ್ಲಿ, ಕಿಟಕಿಗೆ ಮುಖ ಮಾಡಿ ಮಲಗಿದ್ದಳು. ಕೇಳಿಸಿತು ಅಂದಳು, ಅಷ್ಟೇ.

ಲಾಮಾ ಹಿಡಿದ ದಿನ ಐದು ದಿನ ಹಿಂದೆಮುಂದಾಗಿತ್ತು. ನಿನ್ನ ಕಾಗದ ಬಂದ ಮೇಲೆ ಹೋಗಿ ಹೇಳಿದೆ. ಅವರು ಇನ್ನೊಂದು ದೀಪ ಹಚ್ಚಿದರು. ಬದುಕಿದ್ದಾಗ ಯಾವುದಕ್ಕೂ ಸಮಯಕ್ಕೆ ಬಂದವನಲ್ಲ, ಐದು ದಿನಕ್ಕೆ ಏನಾಗುತ್ತದೆ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

ಅವನು ಯಾಕೆ ಓಡಿ ಹತ್ತಿದ ಅನ್ನುವುದನ್ನು ನೀನು ಬರೆದದ್ದು ಒಳ್ಳೆಯದಾಯಿತು. ಬರೆಯದಿದ್ದರೆ ಸಾಯುವವರೆಗೂ ಯೋಚಿಸುತ್ತಿದ್ದೆ. ಈಗಲೂ ಯೋಚಿಸುತ್ತೇನೆ, ಅದು ಬೇರೆ. ಕರೆತಂದವನು ನಾನು ಅಂತ ನೀನು, ಬರೆದವಳು ನಾನು ಅಂತ ನಾನು. ಹೀಗೆ ಹಂಚಿಕೊಂಡು ಕೂತರೆ ಅವನಿಗೆ ನಗು ಬಂದೀತು.

ಫೆಬ್ರವರಿ 26ಕ್ಕೆ ಆಸ್ಪತ್ರೆಯಲ್ಲಿ ಹೆಣ್ಣು ಮಗು. ಎರಡು ದಿನ ಡೋಮಾ ಕಣ್ಣು ಬಿಡಲಿಲ್ಲ. ಬಿಡುವುದಿಲ್ಲವೇನೋ ಅಂದರು. ಬಿಟ್ಟಳು. ಈಗ ಮನೆಯಲ್ಲಿದ್ದಾರೆ. ಮಗು ಬಹಳ ಸಣ್ಣದು, ಒಂದು ಬೊಗಸೆ ಹುರಿಹಿಟ್ಟಿನಷ್ಟೂ ಭಾರವಿಲ್ಲ, ಆದರೆ ಅಳುವುದು ಕೆಳಗಿನ ಬಜಾರಿಗೆ ಕೇಳುತ್ತದೆ.

ನಿನ್ನೆ ಡೋಮಾ ಅದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಬೈ ಅಜ್ಜಿ ಅಂದಳು. ಏನು ತಪ್ಪು ಮಾಡಿದೆ ಅಂತ ಬೈಯಲಿ ಅಂದೆ. ನೀನು ಬೈಯುವಷ್ಟು ದಿನ ಅವನು ಬದುಕಿದ್ದ, ಇವಳಿಗೂ ಬೈ ಅಂತ ಎದುರಿಗೇ ಕೂತಳು. ಬಾಯಿ ತೆರೆದೆ. ಅರವತ್ತು ವರ್ಷ ಇಡೀ ಬಸ್ತಿಗೆ ಬೈದ ಬಾಯಿ. ಕೋತಿ ಅನ್ನಲು ಹೋದರೆ ಅದು ಅವನದು. ಯಾಕಿನ ಬಾಲ ಅನ್ನಲು ಹೋದರೆ ಅದೂ ಅವನದೇ. ಎಲ್ಲವನ್ನೂ ಅವನ ಮೇಲೆಯೇ ಖರ್ಚು ಮಾಡಿದ್ದೇನೆ. ಮಗು ನನ್ನ ಬಾಯನ್ನೇ ನೋಡುತ್ತಿತ್ತು. ಡೋಮಾ ಕಾದಳು, ಕಾದು, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಸಾಹೇಬರಿಗೆ ಹೇಳಿ ನೀನು ಬೇಗ ಬಾ. ಬೇಗ ಅಂದರೆ ಓಡಿಕೊಂಡಲ್ಲ, ಎಲ್ಲೆಲ್ಲಿ ತಂಗಬೇಕೋ ಅಲ್ಲಲ್ಲಿ ತಂಗಿ ಬಾ. ಎಷ್ಟು ತಡವಾದರೂ ಬಾಗಿಲು ತೆಗೆಯುತ್ತೇನೆ. ಬೈ ಅಂತ ಬರೆದಿದ್ದೀಯಲ್ಲ, ಕಾಗದದಲ್ಲಿ ಆಗುತ್ತಿಲ್ಲ. ಎದುರಿಗೆ ಬಂದು ನಿಲ್ಲು. ಮೊದಲು ನಿನ್ನಿಂದ ಶುರು ಮಾಡಿ ನೋಡುತ್ತೇನೆ.

ಅಜ್ಜಿ